ಎರಡನೇ ಜ್ವರದ ಹುಳುಗಳೂ ಒಂದು ಹಿತ್ತಾಳೆ ಬುಷ್ಷೂ

ಕೈಯಿಂದ ಜಾರಿದ ವಸ್ತು ನೆಲಕ್ಕೆ ಬೀಳುತ್ತದೆ ಎನ್ನುವುದು ಸೃಷ್ಟಿಯ ಮೂಲನಿಯಮಗಳಲ್ಲಿ ಒಂದು. ಗ್ರಹ ನಕ್ಷತ್ರಗಳು ಕೂಡ ಈ ನಿಯಮಕ್ಕೆ ತಲೆಬಾಗಿ ನಡೆಯುತ್ತವೆಂದು ಓದಿದ್ದೇನೆ. ಗ್ಯಾರೇಜಿನಲ್ಲಿ ಮಾತ್ರ ಇದು ನಡೆಯುವುದಿಲ್ಲ. ಜಾರಿದ ನಟ್ಟು ನೆಲಕ್ಕೆ ಬಿದ್ದದ್ದನ್ನು ನಾನು ನೋಡಿರುವುದು ಕಡಿಮೆ. ಸುತ್ತ ಊರಗಲ ನೆಲವಿದ್ದರೂ, ಎಂಜಿನ್ನಿನಲ್ಲಿ ತೆರೆದಿರುವ ಒಂದೇ ಒಂದು ತೂತು ಎಲ್ಲಿದೆಯೆಂದು ವಿಚಾರಿಸಿಕೊಂಡು ಅದು ಅಲ್ಲಿಗೇ ಹೋಗುತ್ತದೆ.

ನನ್ನ ಗ್ಯಾರೇಜು ಶಿಡ್ಲಘಟ್ಟ ದಾಟಿ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ತೋಟಗಳು ಶುರುವಾಗುವ ಕಡೆ ಇದೆ. ಮಗ್ಗುಲಲ್ಲೇ ಔಷಧಿ ಅಂಗಡಿ. ಔಷಧಿ ಎಂದರೆ ನಮ್ಮ ಕಡೆ ಮನುಷ್ಯರು ಕುಡಿಯುವುದಲ್ಲ. ಟೊಮೆಟೊಗೆ, ದ್ರಾಕ್ಷಿಗೆ ಹೊಡೆಯುವುದು. ಮನುಷ್ಯರೂ ಆಗಾಗ ಕುಡಿಯುತ್ತಾರೆ, ಆ ಮಾತು ಬೇರೆ.

ಬೇಸಿಗೆಯ ಒಂದು ಬೆಳಿಗ್ಗೆ ಹಳೆಯ ವ್ಯಾನೊಂದು ಕೆಮ್ಮುತ್ತ, ಜಗ್ಗುತ್ತ ನನ್ನ ಅಂಗಳಕ್ಕೆ ಬಂದು ನಿಂತಿತು. ಮುಂದಿನ ಸೀಟಿನ ಕೆಳಗೆ ಎಂಜಿನ್ ಇರುವ ಜಾತಿಯ ಗಾಡಿ. ಹಿಂದಿನ ಸೀಟುಗಳನ್ನು ಕಿತ್ತು, ಆ ಜಾಗದಲ್ಲಿ ಪ್ಲಾಸ್ಟಿಕ್ ತಟ್ಟೆಗಳನ್ನು ಸೂರಿನವರೆಗೆ ಜೋಡಿಸಿ, ಮೇಲೆ ಬಿಳಿ ಬಟ್ಟೆ ಹೊದಿಸಿದ್ದರು. ಡ್ರೈವರ್ ಇಳಿಯುವ ಮೊದಲೇ ಯಜಮಾನಿ ಇಳಿದರು. ಜಂಗಮಕೋಟೆ ಕಡೆ ಚಾಕಿ ಮನೆ ನಡೆಸುವ ಹೆಂಗಸು. ರೇಷ್ಮೆ ಹುಳು ಮೊಟ್ಟೆಯೊಡೆದ ಮೇಲೆ ಎಳೆಯ ದಿನಗಳಲ್ಲಿ ಅದನ್ನು ಸಾಕಿ, ಎರಡನೇ ಜ್ವರಕ್ಕೆ ಕೂತಾಗ ರೈತರ ಮನೆಗೆ ಮುಟ್ಟಿಸುವುದು ಅವರ ಕಸುಬು. ಜ್ವರವೆಂದರೆ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ಮೇವು ತೊರೆದು, ತಲೆಯೆತ್ತಿ, ಅಲುಗದೆ ಕೂರುತ್ತದೆ, ಅದೇ ಜ್ವರ. ಸಾಗಿಸುವುದಾದರೆ ಆ ನಿದ್ದೆಯಲ್ಲೇ ಸಾಗಿಸಬೇಕು. ಎದ್ದ ಕೂಡಲೇ ಅದಕ್ಕೆ ಎಳೆ ಹಿಪ್ಪುನೇರಳೆ ಸೊಪ್ಪು ಬೇಕು. ಸಿಗದಿದ್ದರೆ ಸೊರಗುತ್ತದೆ, ಸೊರಗಿದ ಹುಳು ಗೂಡು ಕಟ್ಟುವುದಿಲ್ಲ.

"ಮೇಸ್ತ್ರಿ, ಕೆಂಚಾರ್ಲಹಳ್ಳಿಗೆ ಹೋಗ್ಬೇಕು. ಅಲ್ಲಿ ಎರಡು ಮನೆಯೋರು ಸೊಪ್ಪು ಕೊಯ್ದು ಒದ್ದೆ ಗೋಣಿ ಮುಚ್ಕೊಂಡು ಕಾಯ್ತಾವ್ರೆ. ಮಧ್ಯಾಹ್ನ ಕಳಿಯೋದ್ರೊಳಗೆ ಹುಳ ಎದ್ಬಿಡ್ತವೆ" ಅಂದರು. ಆಮೇಲೆ ನನ್ನ ಬಾಯಿಯ ಹತ್ತಿರದ ಗಾಳಿಯನ್ನು ಮೂಸಿದರು. "ಬೀಡಿ ಸೇದ್ತೀರಾ?"

"ಬಿಟ್ಟಿದೀನಮ್ಮ."

"ಯಾವಾಗ?"

"ನೀವು ಗಾಡಿ ಇಳಿದಾಗ."

ಅವರು ನಗಲಿಲ್ಲ. ಕೈ ಬಾಯಿ ಸೋಪು ಹಾಕಿ ತೊಳೆದುಕೊಂಡು ಬರಲು ಹೇಳಿದರು. ಹೊಗೆಸೊಪ್ಪಿನ ವಾಸನೆಗೆ ಹುಳು ಕಕ್ಕುತ್ತದೆಯಂತೆ. ಆ ವ್ಯಾನಿನಲ್ಲಿ ಡ್ರೈವರ್ ಬೀಡಿ ಸೇದುವಂತಿಲ್ಲ, ದೇವರ ಪಟಕ್ಕೆ ಊದುಬತ್ತಿ ಹಚ್ಚುವಂತಿಲ್ಲ, ಮದುವೆಗೆ ಹೋಗಿ ಸೆಂಟು ಹಾಕಿಸಿಕೊಂಡು ಬರುವಂತಿಲ್ಲ. ಇಷ್ಟು ಮಡಿಯಿರುವ ಗಾಡಿ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ನಾನು ತೊಳೆದುಕೊಂಡು ಬಂದೆ.

ಸೀಟನ್ನೆತ್ತಿ ಒರಗಿಸಿ ನೋಡಿದೆ. ಕಾಯಿಲೆ ತಿಳಿಯಲು ಹೊತ್ತು ಹಿಡಿಯಲಿಲ್ಲ. ಹುಳುವಿನ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ ತಿಂಗಳುಗಟ್ಟಲೆ ಒಳಗೆ ಹಾರಾಡಿ ಏರ್ ಫಿಲ್ಟರನ್ನು ತುಂಬಿಕೊಂಡಿತ್ತು. ಎಂಜಿನ್ನಿಗೆ ಉಸಿರು ಕಟ್ಟಿದೆ. ಫಿಲ್ಟರ್ ಕೊಡವಿ ಹಾಕಿದರೆ ಮುಗಿಯಿತು. ಕಾರ್ಬುರೇಟರಿನ ಮೇಲೆ ಕೂರುವ ಆ ಮುಚ್ಚಳಕ್ಕೆ ನಡುವೆ ಒಂದು ಕಿವಿನಟ್ಟು. ಅದನ್ನು ಬಿಚ್ಚಿ, ಜೇಬಿಗೆ ಹಾಕಿಕೊಂಡು, ಮುಚ್ಚಳ ಎತ್ತಿದೆ. ಮುಚ್ಚಳದ ತಳಕ್ಕೆ ಗ್ರೀಸಿನಲ್ಲಿ ಅಂಟಿಕೊಂಡಿದ್ದ ಏನೋ ಒಂದು ಬಿಟ್ಟುಕೊಂಡಿತು. ಟಿಣ್ ಎಂದಿತು. ಕಾರ್ಬುರೇಟರಿನ ಗಂಟಲೊಳಕ್ಕೆ ಹೋಗಿ, ಕೆಳಗಿನ ಮುಚ್ಚಿದ ಥ್ರಾಟಲ್ ತಟ್ಟೆಯ ಮೇಲೆ ಕೂತಿತು.

ಅಲ್ಲಿ ಕಂಪನಿಯವರು ಇಟ್ಟ ಸಾಮಾನು ಅಂಥದ್ದು ಯಾವುದೂ ಇಲ್ಲ. ಡ್ರೈವರನ್ನು ಕೇಳಿದೆ.

"ಅದು ಬುಷ್ಷು ಮೇಸ್ತ್ರಿ. ಕಿವಿನಟ್ಟು ಪೂರಾ ಬಿಗಿಯಾಗ್ತಿರಲಿಲ್ಲ. ನಮ್ ಭಾವ ರೇಷ್ಮೆ ನೂಲು ತೆಗೆಯೋ ಕಡೆ ಇದಾನಲ್ಲ, ಅಲ್ಲಿ ಸಣ್ಣ ರಾಟೆಗೆ ಹಾಕೋ ಬಳೆಯಂಥದ್ದು. ಒಂದು ಕೊಟ್ಟ. ಕರೆಕ್ಟಾಗಿ ಕೂತ್ಕೊಂಡ್ತು. ಅವತ್ತಿಂದ ಅಲ್ಲಾಡಿಲ್ಲ."

"ಇವತ್ತು ಅಲ್ಲಾಡ್ತು."

ಮ್ಯಾಗ್ನೆಟ್ ಕಡ್ಡಿ ಇಳಿಸಿದೆ. ಕಡ್ಡಿ ಬುಷ್ಷನ್ನು ಮುಟ್ಟಿತು, ಮಾತಾಡಿಸಿತು, ಖಾಲಿ ಕೈಯಲ್ಲಿ ಮೇಲೆ ಬಂತು. ರಾಟೆಯ ಬುಷ್ಷು ಹಿತ್ತಾಳೆ. ಹಿತ್ತಾಳೆಗೆ ಮ್ಯಾಗ್ನೆಟ್ಟಿನ ಹಂಗಿಲ್ಲ. ಚಿಂತೆಯಿರಲಿಲ್ಲ; ಕಣ್ಣಿಗೆ ಕಾಣುತ್ತಿದೆ, ಉದ್ದ ಚಿಮಟ ತಂದರೆ ಬರುತ್ತದೆ. "ಯಾರೂ ಏನೂ ಮುಟ್ಟಬೇಡಿ" ಎಂದು ಹೇಳಿ ಒಳಗೆ ಹೋದೆ.

ಆ ಹೊತ್ತಿಗೆ ಪಕ್ಕದ ಔಷಧಿ ಅಂಗಡಿಯವರು ಬಂದು ಶಟರ್ ಎತ್ತಿದರು. ರಾತ್ರಿಯಿಡೀ ಬೀಗದೊಳಗಿದ್ದ ವಾಸನೆ ಒಟ್ಟಿಗೆ ಹೊರಬಂತು. ನಮಗದು ಅಭ್ಯಾಸ. ಯಜಮಾನಿ ಮಾತ್ರ ಮನೆಗೆ ಬೆಂಕಿ ಬಿದ್ದವರ ಹಾಗೆ ಕೂಗಿಕೊಂಡರು. "ಗಾಡಿ ಮುಂದಕ್ ತೆಗಿಯೋ! ತೆಗಿ, ತೆಗಿ!"

ಡ್ರೈವರ್ ಹೇಳಿದ್ದನ್ನು ಮಾಡುವ ಮನುಷ್ಯ. ಸೀಟು ಇಲ್ಲದ್ದರಿಂದ ಒಂದು ಕಾಲು ನೆಲದ ಮೇಲಿಟ್ಟು, ಇನ್ನೊಂದನ್ನು ಒಳಗೆ ಚಾಚಿ ಆಕ್ಸಿಲರೇಟರ್ ತುಳಿದು, ಗೇರಿನಲ್ಲೇ ಕೀ ತಿರುಗಿಸಿದ. ಕೆಟ್ಟ ಗಾಡಿಯನ್ನು ಸ್ಟಾರ್ಟರ್ ಮೋಟರಿನ ಬಲದಿಂದಲೇ ನಾಲ್ಕು ಮಾರು ದಾಟಿಸುವುದು ನಮ್ಮ ಡ್ರೈವರುಗಳಿಗೆಲ್ಲ ಗೊತ್ತಿರುವ ವಿದ್ಯೆ. ವ್ಯಾನು ಗಕ್ ಗಕ್ ಎಂದು ನೆಗೆದು, ಗಾಳಿ ಬೀಸುವ ದಿಕ್ಕಿನಿಂದ ಆಚೆ ಹೋಗಿ ನಿಂತಿತು. ಹುಳು ಉಳಿದವು. ನಾನು ಚಿಮಟ ಹಿಡಿದು ಬಂದು ಬಗ್ಗಿ ನೋಡಿದರೆ ಕಾರ್ಬುರೇಟರಿನ ಗಂಟಲು ಖಾಲಿ. ಆಕ್ಸಿಲರೇಟರ್ ತುಳಿದಾಗ ಆ ಥ್ರಾಟಲ್ ತಟ್ಟೆ ಬಾಯ್ತೆರೆದಿದೆ, ಎಂಜಿನ್ ಬುಷ್ಷನ್ನು ಒಳಗೆಳೆದುಕೊಂಡಿದೆ.

ಮೊದಲು ಕೀ ಕಿತ್ತು ನನ್ನ ಜೇಬಿಗೆ ಹಾಕಿಕೊಂಡೆ. ಆಮೇಲೆ ಕ್ಲಚ್ ಒತ್ತಿ ಗೇರನ್ನು ನ್ಯೂಟ್ರಲ್ಲಿಗೆ ತಂದೆ. ಡ್ರೈವರ್ ತಲೆಯ ಮೇಲೆ ಕೈಹೊತ್ತು "ಅಯ್ಯೋ, ಏಂ ಚೇಸೇದಿ ಇಪ್ಪುಡು" ಎಂದು ತೆಲುಗಿಗೆ ಜಾರಿದ್ದ, ಈಗೇನು ಮಾಡೋದು ಅಂತ.

"ಏನಾಯ್ತು ಮೇಸ್ತ್ರಿ? ನೇರ ಹೇಳಿ" ಅಂದರು ಯಜಮಾನಿ.

ಹೇಳಿದೆ. ಗಂಟಲಿನಿಂದ ಕೆಳಗೆ ಗಾಳಿಯ ದಾರಿ ಮೂರು ಕವಲಾಗಿ ಮೂರು ಸಿಲಿಂಡರಿಗೆ ಹೋಗುತ್ತದೆ. ಕವಲಿನ ಕೊನೆಯಲ್ಲಿ ಒಂದೊಂದು ವಾಲ್ವು, ಬಾಗಿಲಿನ ಹಾಗೆ. ಬುಷ್ಷು ಬಾಗಿಲಿನಿಂದ ಈಚೆ ಇದ್ದರೆ ಪುಣ್ಯ. ಆಚೆ ಹೋಗಿದ್ದರೆ ತಲೆ ಬಿಚ್ಚಬೇಕು, ಎಂಜಿನ್ನಿನದು. ಈಚೆ ಇದ್ದರೂ, ಇನ್ನೊಂದು ಸಲ ಎಂಜಿನ್ ಸುತ್ತಿದರೆ ಬಾಗಿಲು ತೆರೆದು ಆಚೆ ಹೋಗುತ್ತದೆ, ಪಿಸ್ಟನ್ನಿಗೆ ಸಿಕ್ಕಿ ಪಿಸ್ಟನ್ನನ್ನೂ ಕೆಡಿಸುತ್ತದೆ. ಗಾಡಿ ತಳ್ಳಿ ಅಲುಗಿಸಿದರೆ ಯಾವ ಕವಲಿಗೆ ಉರುಳುತ್ತದೋ ಹೇಳಲಾಗದು.

"ಬೇರೆ ಗಾಡಿ ನೋಡ್ರಮ್ಮ" ಅಂದೆ. ಅವರು ಆಗಲೇ ಫೋನು ಕಿವಿಗಿಟ್ಟಿದ್ದರು.

ಬಂದವೂ ಬಂದವು. ಮೊದಲು ಬಂದ ಲಗೇಜ್ ಆಟೋದ ಹಿಂಬದಿಗೆ ಯಜಮಾನಿ ತಲೆ ತೂರಿಸಿ ಮೂಸಿದರು. "ನಿನ್ನೆ ಏನು ಹೊತ್ಕೊಂಡಿದ್ರಿ?"

"ಟೊಮೆಟೊ ಅಕ್ಕ."

"ಅದರ ಜೊತೆಗೆ?"

"ಔಷಧಿ ಡಬ್ಬ. ಒಂದೇ ಒಂದು ಅಕ್ಕ, ಮುಚ್ಚಳ ಹಾಕಿತ್ತು."

"ಹೋಗಪ್ಪ ನೀನು."

ಎರಡನೆಯದು ಕೋಳಿಗೊಬ್ಬರ ಹೊತ್ತದ್ದು. ಅದನ್ನು ಮೂಸಬೇಕಾಗಿಯೇ ಇರಲಿಲ್ಲ. ಮೂರನೆಯದು ಪಕ್ಕಾ ಶುದ್ಧವಾಗಿತ್ತು, ಅದರ ಡ್ರೈವರ್ ಮಾತ್ರ ಕಿವಿಯಲ್ಲಿ ಬೀಡಿ ಸಿಕ್ಕಿಸಿಕೊಂಡು ಇಳಿದ. ಯಜಮಾನಿ ವಾಪಸ್ಸು ಬಂದು ವ್ಯಾನಿನ ಬಟ್ಟೆಯ ಅಂಚನ್ನೆತ್ತಿ ಒಳಗೆ ನೋಡಿದರು.

"ಮೇಸ್ತ್ರಿ, ಹುಳ ಕೆಟ್ರೆ ಆ ಎರಡು ಮನೆಗೂ ಒಂದು ಬೆಳೆ ಹೋಯ್ತು. ನನ್ನ ಚಾಕಿ ಮನೆ ಬಾಗಿಲಿಗೆ ಇನ್ಯಾರೂ ಬರಲ್ಲ. ಏನು ಮಾಡ್ತೀರೋ ಮಾಡಿ."

ಮೇಲಿಂದ ತಂತಿ ಇಳಿಸಿ ತಡಕಿ ನೋಡಿದೆ. ಗಂಟಲು ಕೆಳಗೆ ಹೋಗಿ ಅಡ್ಡಕ್ಕೆ ತಿರುಗುತ್ತದೆ. ತಿರುವಿನಾಚೆಗೆ ಯಾವ ತಂತಿಯೂ ಬುದ್ಧಿ ಕೇಳಲಿಲ್ಲ. ಕಾರ್ಬುರೇಟರನ್ನು ಪೂರಾ ಬಿಚ್ಚಿ ತೆಗೆಯದೆ ಬೇರೆ ದಾರಿಯಿಲ್ಲ. ಅದರ ಬಟ್ಟಲಿನಲ್ಲಿ ಪೆಟ್ರೋಲಿದೆ. ಬಿಚ್ಚಿದರೆ ಪೆಟ್ರೋಲಿನ ಆವಿ, ತಟ್ಟೆಗಳಿಂದ ಒಂದು ಮೊಳ ದೂರದಲ್ಲಿ. ಇದನ್ನು ಹೇಳುವುದು ಬಿಟ್ಟು ಅಲ್ಲೇ ಕೂತು ಸ್ಪ್ಯಾನರ್ ಒರೆಸುತ್ತಿದ್ದೆ. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

"ಪೆಟ್ರೋಲ್ ಬಿಚ್ಬೇಕಾ?" ಅಂದರು ಅವರೇ.

"ಬಿಚ್ಬೇಕಮ್ಮ."

"ಎಷ್ಟು ಹೊತ್ತು?"

"ಗೊತ್ತಿಲ್ಲ."

ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ನೀರು ಎಲ್ಲಿದೆ?"

ಎರಡು ಗೋಣಿಚೀಲ ನೆನೆಸಿ ಎಂಜಿನ್ನಿಗೂ ತಟ್ಟೆಗಳಿಗೂ ನಡುವೆ ತೆರೆಯ ಹಾಗೆ ಕಟ್ಟಿದೆವು. ಹಿಂದಿನ ಬಾಗಿಲು ತೆರೆದಿಟ್ಟೆವು. ಆದರೂ ಮುಂಭಾಗದ ಎರಡು ತಟ್ಟೆ ತೆರೆಗೆ ಅಂಟಿಕೊಂಡೇ ಇದ್ದವು; ಹಿಂದೆ ಸರಿಸಲು ಒಂದು ಗೇಣು ಜಾಗವಿಲ್ಲ. ಆ ಎರಡನ್ನು ಹೊರಗಿಡೋಣ ಎಂದು ನಾನೇ ಹೇಳಿದೆ. ಎಲ್ಲಿ? ನನ್ನ ಶೆಡ್ಡಿನ ನೆಲ ನನ್ನಪ್ಪನ ಕಾಲದಿಂದ ಎಣ್ಣೆ ಕುಡಿದದ್ದು. ಹಿಂದೆ ನನ್ನ ಮನೆಯಿದೆ, ಅಲ್ಲಿ ಸೊಳ್ಳೆಬತ್ತಿಯ ವಾಸನೆ. ಆಚೆಯ ಹೋಟೆಲಿನಲ್ಲಿ ಒಗ್ಗರಣೆಯ ಹೊಗೆ. ಅದರಾಚೆ ಕ್ಷೌರದ ಅಂಗಡಿ, ಅಲ್ಲಿ ಪೌಡರು. ಒಂದು ಹುಳು ನೆಮ್ಮದಿಯಾಗಿ ಕೂರಲು ಯೋಗ್ಯವಾದ ಜಾಗ ನಾವು ಮನುಷ್ಯರು ಉಳಿಸಿಯೇ ಇಲ್ಲವೆಂದು ಅವತ್ತು ನನಗೆ ಗೊತ್ತಾಯಿತು.

ಉಳಿದದ್ದು ರಸ್ತೆಯಾಚೆಯ ಹೊಂಗೆ ಮರ. ಒಳ್ಳೆಯ ನೆರಳು, ತಂಪು ಗಾಳಿ. ನನ್ನ ಟೇಬಲ್ಲನ್ನು ತೊಳೆದು ಅಲ್ಲಿಗೊಯ್ದು, ಇರುವೆ ಹತ್ತದಿರಲೆಂದು ನಾಲ್ಕು ಕಾಲಿಗೂ ನೀರಿನ ಬಟ್ಟಲು ಕೊಟ್ಟೆವು. ಯಜಮಾನಿ ಮರದ ಹಿಂದಿನ ಬೇಲಿಯ ಮೇಲಿಂದ ಕತ್ತು ಚಾಚಿ ನೋಡಿದರು. ಅಲ್ಲಿ ಟೊಮೆಟೊ ತೋಟ.

"ಇದಕ್ಕೆ ಔಷಧಿ ಹೊಡೆದವ್ರಾ?"

"ನಾನು ನೋಡಿಲ್ಲಮ್ಮ."

"ನೋಡಿಲ್ವಾ, ಹೊಡೆದಿಲ್ವಾ?"

"ನೋಡಿಲ್ಲ."

ತೋಟದಲ್ಲಿ ಕೇಳಲು ಯಾರೂ ಇರಲಿಲ್ಲ. ಅವರು ಕಣ್ಣು ಮುಚ್ಚಿ ಗಾಳಿ ಮೂಸಿದರು. ನಾನೂ ಮೂಸಿದೆ. ನನ್ನ ಮೂಗಿಗೆ ಡೀಸೆಲ್ಲಿನ ಹೊರತು ಬೇರೆ ವಾಸನೆ ತಿಳಿಯುವುದು ನಿಂತು ಕಾಲವಾಗಿದೆ. "ತನ್ನಿ" ಅಂದರು ಅವರು. ಡ್ರೈವರ್ ಎರಡು ತಟ್ಟೆಗಳನ್ನು, ತುಂಬಿದ ಪಾಯಸದ ಪಾತ್ರೆ ಹೊತ್ತವನಂತೆ, ರಸ್ತೆ ದಾಟಿಸಿದ.

ಪೆಟ್ರೋಲ್ ಪೈಪನ್ನು ಇಕ್ಕಳದಿಂದ ಹಿಸುಕಿ ಕಟ್ಟಿದೆ. ಕೇಬಲ್ ಬಿಡಿಸಿ, ಬುಡದ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ಪ್ರತಿಯೊಂದನ್ನೂ ಜೇಬಿಗೆ ಹಾಕಿಕೊಂಡು ಮೇಲಿಂದ ತಟ್ಟಿ ನೋಡಿಕೊಂಡೆ. ಕಾರ್ಬುರೇಟರನ್ನು ಅಲುಗದ ಹಾಗೆ ಮಟ್ಟಸವಾಗಿ ಎತ್ತಿ, ಕ್ಷಣವೂ ನಿಲ್ಲದೆ ದೂರ ಕೊಂಡೊಯ್ದೆ. ಆದರೂ ವಾಸನೆ ಬಂತು. ಯಜಮಾನಿ ಗೋಣಿಗೆ ಇನ್ನಷ್ಟು ನೀರು ಚಿಮುಕಿಸಿದರು.

ಫೋನಿಗೆ ಸಿಕ್ಕಿಸುವ ಕೊಳವೆ ಕ್ಯಾಮೆರಾ ಒಂದು ನನ್ನಲ್ಲಿದೆ. ಕೊಂಡಾಗಿನಿಂದ ಅದರಲ್ಲಿ ಕಂಡದ್ದು ನನ್ನದೇ ಹೆಬ್ಬೆರಳು. ಅವತ್ತು ಮೊದಲ ಸಲ ಉಪಯೋಗಕ್ಕೆ ಬಂತು. ಒಂದನೇ ಕವಲು, ಮಸಿ. ಮೂರನೆಯದು, ಮಸಿ. ನಡುವಿನ ಕವಲಿನ ಕೊನೆಯಲ್ಲಿ, ಮುಚ್ಚಿದ ವಾಲ್ವಿನ ಬೆನ್ನಿನ ಮೇಲೆ ಬುಷ್ಷು ಕೂತಿತ್ತು. ಹಿತ್ತಾಳೆ ಅಷ್ಟು ಬಂಗಾರವಾಗಿ ಹೊಳೆದದ್ದನ್ನು ನಾನು ನೋಡಿರಲಿಲ್ಲ. ಎಂಜಿನ್ ಇನ್ನೊಂದು ಅರ್ಧ ಸುತ್ತು ಸುತ್ತಿದ್ದರೂ ಆಚೆ ಬಿದ್ದಿರುತ್ತಿತ್ತು.

ಸಿಕ್ಕಿತೆಂದು ತಿಳಿದದ್ದೇ ತಪ್ಪಾಯಿತು. ಕಡ್ಡಿಯ ತುದಿಗೆ ಗ್ರೀಸ್ ಮೆತ್ತಿ ಒತ್ತಿದೆ. ಬುಷ್ಷು ಪೆಟ್ರೋಲಿನಲ್ಲಿ ನೆಂದಿದ್ದರಿಂದ ಗ್ರೀಸ್ ಹಿಡಿಯಲಿಲ್ಲ. ಕೊಕ್ಕೆ ತಂತಿ ಹಾಕಿದೆ. ಬುಷ್ಷು ನಿಂತಲ್ಲೇ ಗಿರಗಿರ ತಿರುಗಿತು. ಪೆಟ್ರೋಲ್ ಎಳೆಯುವ ಪೈಪನ್ನು ಒಳಗಿಳಿಸಿ, ಈ ತುದಿಯನ್ನು ಬಾಯಲ್ಲಿಟ್ಟು ಉಸಿರೆಳೆದೆ. ತೂತಿರುವ ವಸ್ತುವನ್ನು ಉಸಿರಿನಿಂದ ಎಳೆಯಲು ಹೋಗುವುದು ಸೋರುವ ಲೋಟದಲ್ಲಿ ಕಾಫಿ ಕುಡಿದಂತೆ ಎಂದು ಎಳೆದ ಮೇಲೆ ಹೊಳೆಯಿತು. ಬಾಯಿ ಮುಕ್ಕಳಿಸಲು ಎದ್ದೆ.

"ಮೇಸ್ತ್ರಿ, ಕೆಲವು ಎದ್ವು" ಅಂದರು ಯಜಮಾನಿ, ಒಳಗಿಂದ.

ಅವರು ವ್ಯಾನಿನ ಹಿಂಬಾಗಿಲಲ್ಲಿ ಕೂತು, ತಟ್ಟೆಯ ಅಂಚಿಗೆ ಹತ್ತಿದ ಹುಳುಗಳನ್ನು ಒಂದು ಕೋಳಿಗರಿಯಿಂದ ಮೆಲ್ಲಗೆ ಒಳಕ್ಕೆ ಸರಿಸುತ್ತಿದ್ದರು. ಎಳೆಯ ಹುಳುವನ್ನು ಬೆರಳಿನಿಂದ ಮುಟ್ಟುವಂತಿಲ್ಲ. ಚಾಕಿ ಮನೆಯಲ್ಲಿ ಎಲ್ಲದಕ್ಕೂ ಗರಿಯೇ ಕೈ. ನಾನು ಬಾಯಲ್ಲಿ ನೀರು ತುಂಬಿಕೊಂಡು ಆ ಗರಿಯನ್ನೇ ನೋಡುತ್ತ ನಿಂತೆ. ಗರಿಯನ್ನು ಬುಡದಿಂದ ತುದಿಗೆ ಸವರಿದರೆ ಎಳೆಗಳು ಮಡಚಿಕೊಳ್ಳುತ್ತವೆ. ತುದಿಯಿಂದ ಬುಡಕ್ಕೆ ಸವರಿದರೆ ಕೆದರಿ ನಿಲ್ಲುತ್ತವೆ. ಬುಡ ಮುಂದಾಗಿ ಬುಷ್ಷಿನ ತೂತಿಗೆ ತೂರಿಸಿದರೆ ಒಳಗೆ ಹೋಗುತ್ತದೆ. ಎಳೆದರೆ ಕೆದರಿಕೊಂಡು ಬಿಗಿಯುತ್ತದೆ.

ನೀರು ಉಗಿದು, "ಅಮ್ಮಾ, ಆ ಗರಿ ಕೊಡಿ" ಅಂದೆ.

"ಪೆಟ್ರೋಲಿಗೆ ಹಾಕ್ತೀರಾ? ಮತ್ತೆ ಹುಳಕ್ಕೆ ಬರಲ್ಲ ಅದು."

"ಬೇರೆ ಇದೆಯಾ?"

"ಇಲ್ಲ." ಒಂದು ಗಳಿಗೆ ಗರಿಯನ್ನು ಹಿಡಿದುಕೊಂಡೇ ಇದ್ದರು. ಆಮೇಲೆ ಕೊಟ್ಟು, ತಾವು ತಟ್ಟೆಯಲ್ಲಿ ಒಣಗಿ ಉಳಿದಿದ್ದ ಸೊಪ್ಪಿನ ತೊಟ್ಟೊಂದರಿಂದ ಹುಳು ಸರಿಸತೊಡಗಿದರು.

ಗರಿಯ ತುದಿಗೆ ಸೈಕಲ್ ಬ್ರೇಕಿನ ತಂತಿ ಕಟ್ಟಿ, ಬುಡ ಮುಂದಾಗಿ ಇಳಿಸಿದೆ. ಡ್ರೈವರ್ ಕ್ಯಾಮೆರಾ ಹಿಡಿದ. ಅವನ ಕೈ ನಡುಗಿದಾಗಲೆಲ್ಲ ಫೋನಿನೊಳಗೆ ಭೂಕಂಪವಾಗುತ್ತಿತ್ತು. "ಅಲ್ಲಾಡಿಸ್ಬೇಡ ಕಣೋ." "ನಾನಲ್ಲ ಮೇಸ್ತ್ರಿ, ಕೈ." ಮೊದಲ ಸಲ ಬುಡ ತೂತಿಗೆ ಹೊಕ್ಕಿತು, ಎಳೆದೆ, ಬುಷ್ಷು ತಿರುವಿನವರೆಗೆ ಬಂದು ಕಳಚಿಕೊಂಡು ವಾಪಸ್ಸು ಉರುಳಿತು. ಅದು ಪುನಃ ಅದೇ ವಾಲ್ವಿನ ಮೇಲೆ ಕೂತಿತು, ಈ ಸಲ ವಾಲಿಕೊಂಡು. ಬುಡದ ತುದಿಯನ್ನು ತೂತಿಗೆ ಗುರಿಯಿಡುವುದಕ್ಕೇ ಮೊದಲಿಗಿಂತ ಹೆಚ್ಚು ಹೊತ್ತಾಯಿತು. ಹೊಕ್ಕ ಮೇಲೆ ಎಳೆಯಲಿಲ್ಲ. ಇನ್ನೂ ಒಳಕ್ಕೆ ನೂಕಿದೆ, ಗರಿಯ ಅಗಲವಾದ ಭಾಗ ತೂತು ತುಂಬುವ ತನಕ. ಆಮೇಲೆ ಬಾವಿಯಿಂದ ಕೊಡ ಎತ್ತುವಂತೆ, ಜಗ್ಗದೆ, ನಿಲ್ಲಿಸದೆ ಎಳೆದೆ. ತಿರುವು ದಾಟಿತು. ಬೆಳಕಿಗೆ ಬಂತು. ಡ್ರೈವರ್ ಅದನ್ನು ಗರಿಯ ಸಮೇತ ಅಂಗೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ.

"ಕೂತ್ಕೋಬೇಡ, ಏಳು" ಅಂದರು ಯಜಮಾನಿ.

ಕಾರ್ಬುರೇಟರ್ ಕೂರಿಸಿದೆ. ಹಳೆಯ ಪ್ಯಾಕಿಂಗನ್ನೇ ಒರೆಸಿ ಹಾಕಿದೆ. ಅಂಟು ಹಚ್ಚಲು ಅವರು ಬಿಡಲಿಲ್ಲ, ಅದರ ವಾಸನೆ ಪೆಟ್ರೋಲಿಗಿಂತ ಕೆಟ್ಟದ್ದಂತೆ. ಫಿಲ್ಟರನ್ನು ದೂರ ಒಯ್ದು ಕೊಡವಿ ತಂದು, ಮುಚ್ಚಳ ಮುಚ್ಚಿ, ಕಿವಿನಟ್ಟಿನ ಕೆಳಗೆ ಕಬ್ಬಿಣದ ವಾಷರ್ ಹಾಕಿದೆ, ಬಿದ್ದರೂ ಮ್ಯಾಗ್ನೆಟ್ಟಿಗೆ ಮರ್ಯಾದೆ ಕೊಡುವಂಥದ್ದು. ಜೇಬಿನಿಂದ ತೆಗೆದ ನಟ್ಟುಗಳೆಲ್ಲ ಅವುಗಳ ಜಾಗ ಸೇರಿದ ಮೇಲೆ, ಸ್ಪ್ಯಾನರ್ ಕೊಟ್ಟು ಎಂಜಿನ್ನನ್ನು ಕೈಯಿಂದಲೇ ಸುತ್ತಿಸಿದೆ. ಎಲ್ಲೂ ತಡೆಯಲಿಲ್ಲ. ಗಾಡಿಯನ್ನು ಮೂವರೂ ರಸ್ತೆಗೆ ತಳ್ಳಿ, ಹೊಂಗೆ ಮರದಡಿಯ ತಟ್ಟೆಗಳನ್ನು ತಂದು ಅವುಗಳ ಜಾಗಕ್ಕೆ ಸೇರಿಸಿ, ಕೀ ಕೊಟ್ಟೆ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಯಜಮಾನಿ ಹತ್ತುವ ಮುಂಚೆ ಬಟ್ಟೆ ಎತ್ತಿ ಮತ್ತೊಮ್ಮೆ ನೋಡಿದರು. "ಬರ್ತೀನಿ ಮೇಸ್ತ್ರಿ" ಅಂದರು. ವ್ಯಾನು ಚಿಂತಾಮಣಿ ಕಡೆ ಹೋಯಿತು, ಜಗ್ಗದೆ.

ಅವರು ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ; ಕೇಳುವ ಧೈರ್ಯ ಸಾಲದ್ದಕ್ಕೆ ಕೆಲಸ ಜಾಸ್ತಿ ಇದೆ ಎಂದು ಹೆಸರಿಟ್ಟುಕೊಂಡೆ. ಮುಂದಿನ ಸಲ ಆಯಿಲ್ ಬದಲಿಸಲು ಡ್ರೈವರ್ ಒಬ್ಬನೇ ಬಂದಾಗ ವಿಷಯ ತಿಳಿಯಿತು. ವ್ಯಾನಿನೊಳಗೆ, ಪೆಟ್ರೋಲಿನ ಮಗ್ಗುಲಲ್ಲೇ ಉಳಿದಿದ್ದ ಹುಳುಗಳೆಲ್ಲ ಕೆಂಚಾರ್ಲಹಳ್ಳಿಯಲ್ಲಿ ಜ್ವರ ಎದ್ದು ಸೊಪ್ಪಿಗೆ ಬಾಯಿ ಹಾಕಿದವು. ಹೊಂಗೆ ಮರದ ನೆರಳಿನಲ್ಲಿಟ್ಟಿದ್ದ ಎರಡು ತಟ್ಟೆಯ ಹುಳುಗಳು ಏಳಲಿಲ್ಲ.